ರೇಸ್ ಸೈಕಲ್ಲೋ ಹೈಬ್ರಿಡ್ಡೋ? ವಿಜಯಪುರದ ರಸ್ತೆಗೆ ಕೊಳ್ಳುವ ಮೊದಲು

ಬೆಳಗ್ಗೆ ಆರಕ್ಕೆ ಅಥಣಿ ರಸ್ತೆಯಲ್ಲಿ ಚಹಾದಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಎಂಟು ಹತ್ತು ಹುಡುಗರು ಸಾಲಾಗಿ, ತಲೆ ತಗ್ಗಿಸಿ, ಒಬ್ಬರ ಗಾಲಿಗೆ ಇನ್ನೊಬ್ಬರ ಗಾಲಿ ತಾಗಿತೇನೋ ಅನ್ನುವಷ್ಟು ಹತ್ತಿರದಲ್ಲಿ ಸುಂಯ್ ಅಂತ ಹೋಗುತ್ತಾರೆ. ಚಹಾ ಕುಡಿಯುವವರು ತಿರುಗಿ ನೋಡುವುದರೊಳಗೆ ತೊರವಿ ಕಡೆ ಮಾಯ. ವಿಜಯಪುರ, ಬಾಗಲಕೋಟೆ ಅಂದರೆ ಸೈಕಲ್ ಪಟುಗಳ ಸೀಮೆ. ಜಾತ್ರೆ ಬಂದರೆ ಹಳ್ಳಿಗಳಲ್ಲೂ ಸೈಕಲ್ ಶರ್ಯತ್ತು ಇರುತ್ತದೆ. ಹಾಗಾಗಿ ಇಲ್ಲಿ ಯಾರಾದರೂ ಮೈ ಇಳಿಸಬೇಕು ಅಂತ ಹೊರಟರೆ ಮೊದಲು ಕಣ್ಣಿಗೆ ಬೀಳುವುದೇ ಆ ಬಾಗಿದ ಹ್ಯಾಂಡಲ್ಲು.

ನನ್ನ ಅಳಿಯನಿಗೂ ಹಾಗೇ ಆಯಿತು. "ಮಾಮಾ, ರೇಸ್ ಸೈಕಲ್ ತಗೊಳ್ಳಲೋ ಹೈಬ್ರಿಡ್ ತಗೊಳ್ಳಲೋ? ಹೊಟ್ಟಿನೂ ಕರಗಬೇಕು, ಜೋರನೂ ಹೋಗಬೇಕು" ಅಂದ. ಒಂದೇ ಮಾತಿನಲ್ಲಿ ಎರಡು ಪ್ರಶ್ನೆ ಕೇಳಿದ್ದು ಅವನಿಗೇ ಗೊತ್ತಿರಲಿಲ್ಲ. ಹೊಟ್ಟೆ ಕರಗುವುದಕ್ಕೂ ಜೋರು ಹೋಗುವುದಕ್ಕೂ ಒಂದೇ ಉತ್ತರ ಇಲ್ಲ.

ಈ ವಿಷಯದಲ್ಲಿ ನಾನು ದುಡ್ಡು ಕೊಟ್ಟು ಕಲಿತವನು. ಮೊದಲು ಕೊಂಡ ಹೈಬ್ರಿಡ್‌ಗೆ ಮುಂದೆ ಶಾಕ್ ಅಬ್ಸಾರ್ಬರ್ ಇತ್ತು. ಬೈಕಿನ ಹಾಗೆ ಕಾಣುತ್ತದೆ ಅಂತ ತಗೊಂಡೆ. ತುಳಿದ ಬಲದಲ್ಲಿ ಒಂದಿಷ್ಟನ್ನು ಅದೇ ನುಂಗುತ್ತಿತ್ತು. ಆಮೇಲೆ ಹಳೆಯದೊಂದು ರೇಸ್ ಸೈಕಲ್ ಸಿಕ್ಕಿತು, ಅಗ್ಗ ಅಂತ ತಗೊಂಡೆ. ಅದು ನನಗಿಂತ ಎರಡು ಅಳತೆ ದೊಡ್ಡದು. ಮೂರು ತಿಂಗಳು ಕುತ್ತಿಗೆ ನೋವು. ಹೀಗಾಗಿ ಅಳಿಯನಿಗೆ ಹೇಳಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲ ಹಂತ: ಎರಡರ ಗುರುತು ಹಿಡಿಯಿರಿ

ರೇಸ್ ಸೈಕಲ್, ಅಂಗಡಿಯವರ ಬಾಯಲ್ಲಿ ರೋಡ್ ಬೈಕ್. ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್, 25ರಿಂದ 32 ಮಿ.ಮೀ. ಅಗಲದ ಸಣ್ಣ ಟಾಯರ್, ತೂಕ 9ರಿಂದ 11 ಕಿಲೋ. ಮೈ ಮುಂದಕ್ಕೆ ಬಾಗುತ್ತದೆ.

ಹೈಬ್ರಿಡ್‌ಗೆ ನೇರ ಹ್ಯಾಂಡಲ್, 35ರಿಂದ 42 ಮಿ.ಮೀ. ಟಾಯರ್, ತೂಕ 12ರಿಂದ 15 ಕಿಲೋ. ಬೆನ್ನು ಹೆಚ್ಚು ಕಡಿಮೆ ನೆಟ್ಟಗೆ ಇರುತ್ತದೆ. ಸಂತೆಗೂ ಹೋಗಬಹುದು, ಹೊಲದ ದಾರಿಗೂ ಇಳಿಯಬಹುದು. ದಪ್ಪ ಗುಬಟಿ ಟಾಯರಿನ ಎಂಟಿಬಿ, ಅಂದರೆ ಗುಡ್ಡಗಾಡಿನ ಸೈಕಲ್, ಬೇರೆಯೇ ಜಾತಿ, ಅದನ್ನು ಇಲ್ಲಿ ಬಿಟ್ಟಿದ್ದೇನೆ. ಟಾರು ರಸ್ತೆಯಲ್ಲಿ ಓಡಿಸುವವರಿಗೆ ಅದು ಸುಮ್ನೆ ಭಾರ.

ಎರಡನೇ ಹಂತ: ನಿಮ್ಮ ರಸ್ತೆಯನ್ನು ಬರೆದುಕೊಳ್ಳಿ

ಇದನ್ನು ಯಾರೂ ಮಾಡುವುದಿಲ್ಲ. ನೇರ ಅಂಗಡಿಗೆ ಹೋಗುತ್ತಾರೆ. ನೀವು ಒಂದು ವಾರ ಗಾಡಿ ಮೇಲಾದರೂ ಸರಿ, ಸೈಕಲ್ ಹೊಡೆಯಬೇಕು ಅಂದುಕೊಂಡ ದಾರಿಯಲ್ಲಿ ಅದೇ ಹೊತ್ತಿಗೆ ಹೋಗಿ ಬನ್ನಿ. ಮನೆಯಿಂದ ಒಳ್ಳೆಯ ಟಾರು ರಸ್ತೆ ಎಷ್ಟು ದೂರ? ನಡುವೆ ಎಷ್ಟು ತಗ್ಗು, ಎಷ್ಟು ಹಂಪು? ಎಷ್ಟು ದೂರ ಮಣ್ಣಿನ ದಾರಿ?

ನಮ್ಮ ಕಡೆಯ ರಸ್ತೆಗೆ ಅದರದೇ ಗುಣಗಳಿವೆ. ಹೆದ್ದಾರಿ 52 ನುಣುಪಾಗಿದೆ. ಸೋಲಾಪುರ ಕಡೆಗಾಗಲಿ ಕೊಲ್ಹಾರ ಕಡೆಗಾಗಲಿ ಸಣ್ಣ ಟಾಯರಿಗೆ ತೊಂದರೆ ಇಲ್ಲ. ಆದರೆ ಅದರಿಂದ ಹಳ್ಳಿ ರಸ್ತೆಗೆ ತಿರುಗಿದರೆ ಕತೆಯೇ ಬೇರೆ. ಮಳೆಗಾಲದಲ್ಲಿ ಟ್ರ್ಯಾಕ್ಟರಿನ ಗಾಲಿಯಿಂದ ಉದುರಿದ ಎರಿ ಮಣ್ಣು ರಸ್ತೆ ಮೇಲೆ ಬಿದ್ದಿರುತ್ತದೆ. ರೇಸ್ ಸೈಕಲ್ಲಿನ ಬ್ರೇಕಿಗೂ ಟಾಯರಿಗೂ ನಡುವೆ ಜಾಗ ಕಡಿಮೆ. ಆ ಮಣ್ಣು ಅಲ್ಲಿ ಮೆತ್ತಿಕೊಂಡರೆ ಗಾಲಿ ತಿರುಗುವುದಿಲ್ಲ, ಹೆಗಲ ಮೇಲೆ ಹೊತ್ತುಕೊಂಡು ಬರಬೇಕು. ನಾನು ಬಂದಿದ್ದೇನೆ. ಸುಗ್ಗಿಯಲ್ಲಿ ತೊಗರಿ, ಜೋಳ, ಸೂರ್ಯಕಾಂತಿ ರಾಶಿಗೆ ಅಂತ ರಸ್ತೆ ಮೇಲೆ ಹರವುತ್ತಾರೆ. ಅದರ ಮೇಲೆ 25 ಮಿ.ಮೀ. ಟಾಯರ್ ಜಾರುವುದು ಗ್ಯಾರಂಟಿ. ಇಳಿದು ನಡೆಯಿರಿ, ರೈತರ ಜೊತೆ ಜಗಳ ಬೇಡ.

ಜಮಖಂಡಿ, ಮುಧೋಳ ಕಡೆಯವರಿಗೆ ಇನ್ನೊಂದು ಸಂಗತಿ. ಕಬ್ಬು ಕಡಿಯುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಸಾಲು ಇರುತ್ತದೆ. ಹಿಂದಿನ ಟ್ರೇಲರ್ ಆಚೆ ಈಚೆ ಓಲಾಡುತ್ತದೆ. ಅದರ ಮರೆಯಲ್ಲಿ ಗಾಳಿ ಇಲ್ಲ ಅಂತ ಹಿಂದೆ ಅಂಟಿಕೊಂಡು ಹೋಗುವ ಹುಡುಗರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಬರೆದುಕೊಂಡಾಯಿತಾ? ನಿಮ್ಮ ದಾರಿಯಲ್ಲಿ ಹತ್ತಕ್ಕೆ ಎಂಟು ಭಾಗ ಒಳ್ಳೆಯ ಟಾರು ಇದ್ದರೆ ರೇಸ್ ಸೈಕಲ್ ವಿಚಾರ ಮಾಡಬಹುದು. ಇಲ್ಲದಿದ್ದರೆ ಮುಂದಿನ ಲೆಕ್ಕವೆಲ್ಲ ನಿಮಗೆ ಕೈಕೊಡುತ್ತದೆ.

ಮೂರನೇ ಹಂತ: ವೇಗದ ಲೆಕ್ಕ ಹಾಕಿ

ಬಹಳ ಜನ ರೇಸ್ ಸೈಕಲ್ ಹಗುರ ಇರುವುದರಿಂದ ಜೋರು ಓಡುತ್ತದೆ ಅಂದುಕೊಂಡಿದ್ದಾರೆ. ಏರು ಹತ್ತುವಾಗ ಅದು ನಿಜ. ಆದರೆ ನಮ್ಮದು ಬಯಲುಸೀಮೆ, ಘಟ್ಟ ಎಲ್ಲಿದೆ? ಇಲ್ಲಿ ನಮ್ಮನ್ನು ಹಿಂದಕ್ಕೆ ಎಳೆಯುವುದು ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಗಂಟೆಗೆ 15 ಕಿ.ಮೀ.ನಲ್ಲಿ ಹೋಗುವವನಿಗೆ ಇದರ ಅರಿವೇ ಆಗುವುದಿಲ್ಲ. 30ಕ್ಕೆ ಹೋಗುವವನ ಬಲದಲ್ಲಿ ಮುಕ್ಕಾಲು ಪಾಲು ಗಾಳಿಗೇ ಹೋಗುತ್ತದೆ. ಬಾಗಿದ ಹ್ಯಾಂಡಲ್ಲಿನ ಕೆಲಸ ಇಷ್ಟೇ: ಎದೆಯನ್ನು ಗಾಳಿಗೆ ಒಡ್ಡದ ಹಾಗೆ ಮೈಯನ್ನು ಸಣ್ಣದು ಮಾಡುವುದು.

ನಾನು ಹಾಕಿದ ಅಂದಾಜು ಲೆಕ್ಕ ನೋಡಿ. ಸವಾರ 70 ಕಿಲೋ, ರಸ್ತೆ ಸಮತಟ್ಟು, ಗಾಳಿ ಇಲ್ಲ. ಅವನು ಹಾಯಾಗಿ 75 ವ್ಯಾಟ್ ಶಕ್ತಿ ಹಾಕಿ ತುಳಿದರೆ ಹೈಬ್ರಿಡ್ ಮೇಲೆ ಗಂಟೆಗೆ 18-19 ಕಿ.ಮೀ., ರೇಸ್ ಸೈಕಲ್ ಮೇಲೆ 22. ಬೆವರು ಹರಿಸಿ 150 ವ್ಯಾಟ್ ಹಾಕಿದರೆ ಹೈಬ್ರಿಡ್ 25, ರೇಸ್ ಸೈಕಲ್ 29-30. ಅಂದರೆ ಅದೇ ಕಾಲು, ಅದೇ ಬೆವರು, ಗಂಟೆಗೆ 3ರಿಂದ 5 ಕಿ.ಮೀ. ಹೆಚ್ಚು. ಸೈಕಲ್ ಕೊಡುವುದು ಇಷ್ಟು. ಹತ್ತು ಕಿ.ಮೀ. ಜಾಸ್ತಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಜೂನ್, ಜುಲೈ ತಿಂಗಳು ತಗೊಳ್ಳಿ. ಪಡುವಣ ಗಾಳಿ ಬೀಸುತ್ತಿರುತ್ತದೆ. ನೀವು ತಿಕೋಟಾ ಕಡೆ ಹೊರಟರೆ ಮುಖಕ್ಕೇ ಬಡಿಯುತ್ತದೆ. ಗಂಟೆಗೆ 15 ಕಿ.ಮೀ. ಎದುರು ಗಾಳಿ ಇದ್ದರೆ ಅದೇ 150 ವ್ಯಾಟಿಗೆ ರೇಸ್ ಸೈಕಲ್ 21ಕ್ಕೆ ಇಳಿಯುತ್ತದೆ, ಹೈಬ್ರಿಡ್ 17-18ಕ್ಕೆ. ವ್ಯತ್ಯಾಸ ಕಡಿಮೆಯಾಯಿತು ಅನಿಸುತ್ತದೆ ಅಲ್ವಾ? ಹೊತ್ತಿನ ಲೆಕ್ಕ ಹಾಕಿ. ಗಾಳಿ ಇಲ್ಲದ ದಿನ 20 ಕಿ.ಮೀ.ಗೆ ರೇಸ್ ಸೈಕಲ್ ಉಳಿಸುವುದು ಏಳು ನಿಮಿಷ. ಎದುರು ಗಾಳಿಯ ದಿನ ಹನ್ನೆರಡು ನಿಮಿಷ. ಹಾಗಾಗಿ ನಮ್ಮ ಸೀಮೆಯಲ್ಲಿ ರೇಸ್ ಸೈಕಲ್ಲಿನ ನಿಜವಾದ ಲಾಭ ಆ ಗಾಳಿಯ ತಿಂಗಳುಗಳಲ್ಲಿ ಕಾಣುತ್ತದೆ.

ಮನೆಯಲ್ಲಿ ಹೈಬ್ರಿಡ್ ಈಗಾಗಲೇ ಇದ್ದರೆ ಮಾರಲು ಅವಸರ ಮಾಡಬೇಡಿ. ಟಾಯರ್ ಬದಲಿಸಿ. ರಿಮ್ಮಿಗೆ ಹೊಂದುವ, ಗುಬಟಿ ಇಲ್ಲದ 32 ಮಿ.ಮೀ. ಟಾಯರ್ ಹಾಕಿದರೆ ಒಂದೂವರೆ ಕಿ.ಮೀ. ವೇಗ ಸುಮ್ನೆ ಸಿಗುತ್ತದೆ. ಮೊಣಕೈ ಮಡಚಿ ತುಸು ಬಾಗಿ ಕೂತರೆ ಇನ್ನಷ್ಟು. ಇದಕ್ಕೆ ದುಡ್ಡೂ ಬೇಡ.

ನಾಲ್ಕನೇ ಹಂತ: ಹೊಟ್ಟೆಯ ಲೆಕ್ಕ ಬೇರೆ ಹಾಕಿ

ಎದೆಗೆ, ಶ್ವಾಸಕ್ಕೆ, ತೊಡೆಗೆ ನೀವು ಯಾವ ಸೈಕಲ್ ಮೇಲೆ ಕೂತಿದ್ದೀರಿ ಅನ್ನುವುದು ಗೊತ್ತಾಗುವುದಿಲ್ಲ. 150 ವ್ಯಾಟಿನಲ್ಲಿ ಒಂದು ಗಂಟೆ ತುಳಿದರೆ ಸುಮಾರು 540 ಕ್ಯಾಲೊರಿ ಸುಡುತ್ತದೆ. ರೇಸ್ ಸೈಕಲ್ ಮೇಲಾದರೆ ಆ ಹೊತ್ತಿಗೆ ನೀವು ಊರಿಂದ 29 ಕಿ.ಮೀ. ದಾಟಿರುತ್ತೀರಿ, ಹೈಬ್ರಿಡ್ ಮೇಲಾದರೆ 25. ಸುಟ್ಟದ್ದು ಅಷ್ಟೇ. ಇನ್ನೂ ಹೇಳಬೇಕೆಂದರೆ, ದಿನಾ ಅದೇ ದೂರ ಹೋಗಿ ಬರುವವರಿಗೆ ಹೈಬ್ರಿಡ್ಡೇ ಹೆಚ್ಚು ಸುಡುತ್ತದೆ. ನಮ್ಮ ಕಡೆ ಹಾಲು ಹಾಕುವವರು 20 ಕಿಲೋ ದಾಟಿದ ಹಳೇ ಕಬ್ಬಿಣದ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದರಲ್ಲ, ಅವರ ಪಿಂಡಿಯನ್ನು ನೆನಪಿಸಿಕೊಳ್ಳಿ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷ ಜೋರು ಶ್ರಮ. ಮಧ್ಯಮ ಅಂದರೆ ತುಳಿಯುತ್ತ ಮಾತಾಡಬಹುದು, ಹಾಡು ಹೇಳಲು ಆಗುವುದಿಲ್ಲ. ಜೋರು ಅಂದರೆ ಎರಡು ಮಾತಿಗೊಮ್ಮೆ ಉಸಿರು ಎಳೆಯಬೇಕು. ಇದು ಯಾವ ಸೈಕಲ್ ಮೇಲೂ ಆಗುತ್ತದೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮೋಡ ಕವಿದ ಬೆಳಗ್ಗೆ, ಮೈ ಭಾರ ಅನಿಸಿದ ದಿನ, ಯಾವ ಸೈಕಲ್ ಹೊರಗೆ ತೆಗೆಯಲು ಮನಸ್ಸು ಬರುತ್ತದೆ? ಕೆಲವರಿಗೆ ಬಾಗಿದ ಹ್ಯಾಂಡಲ್ ನೋಡಿದರೇ ಹುರುಪು. ಅವರು ಧಾರಾಳವಾಗಿ ಅದನ್ನೇ ಕೊಳ್ಳಲಿ. ಕೆಲವರಿಗೆ ಅದರ ಮೇಲೆ ಕೂತರೆ ಬೀಳುವ ಭಯ. ಅವರ ರೇಸ್ ಸೈಕಲ್ ಎರಡೇ ತಿಂಗಳಲ್ಲಿ ಅಟ್ಟ ಸೇರುತ್ತದೆ.

ನನ್ನ ಅಂದಾಜು ಹೇಳಿಬಿಡುತ್ತೇನೆ. ವಯಸ್ಸು ನಲವತ್ತು ದಾಟಿದೆ, ಬೆನ್ನು ಆಗಾಗ ಹಿಡಿಯುತ್ತದೆ, ಒಮ್ಮೆಗೆ 15-20 ಕಿ.ಮೀ. ಸಾಕು ಅನ್ನುವವರಿಗೆ ಹೈಬ್ರಿಡ್. 40 ಕಿ.ಮೀ. ದಾಟಿ ಹೋಗುವ ಆಸೆ ಇದ್ದರೆ ರೇಸ್ ಸೈಕಲ್. ಯಾಕೆಂದರೆ ನೇರ ಹ್ಯಾಂಡಲ್ಲಿಗೆ ಕೈ ಇಡಲು ಒಂದೇ ಜಾಗ. ಒಂದೂವರೆ ಗಂಟೆಯಾದ ಮೇಲೆ ಕಿರುಬೆರಳು ಜುಮ್ ಅನ್ನುತ್ತದೆ. ಬಾಗಿದ ಹ್ಯಾಂಡಲ್ಲಿಗೆ ಮೇಲೆ, ಬ್ರೇಕಿನ ತಲೆ ಮೇಲೆ, ಕೆಳಗೆ ಅಂತ ಮೂರು ಜಾಗ ಇವೆ. ದೂರದ ಸವಾರಿಯಲ್ಲಿ ವೇಗಕ್ಕಿಂತ ಇದೇ ದೊಡ್ಡ ಉಪಕಾರ. ಬಿ.ಪಿ., ಸಕ್ಕರೆ ಕಾಯಿಲೆ, ಎದೆ ನೋವು ಇದ್ದವರು ಮೊದಲು ಡಾಕ್ಟರನ್ನು ಕಂಡು ಬನ್ನಿ.

ಐದನೇ ಹಂತ: ಅಳತೆ ತೆಗೆಯಿರಿ

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ದಪ್ಪ ಪುಸ್ತಕವೊಂದನ್ನು ತೊಡೆಗಳ ನಡುವೆ, ಸೀಟಿನ ಮೇಲೆ ಕೂತ ಹಾಗೆ ಅನಿಸುವಷ್ಟು ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಅದು 78 ಸೆಂ.ಮೀ. ಬಂತು ಅನ್ನಿ. 0.883ರಿಂದ ಗುಣಿಸಿ, ಸುಮಾರು 69. ಪೆಡಲ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಎತ್ತರ ಇರಬೇಕು. ಅದೇ 78ನ್ನು 0.665ರಿಂದ ಗುಣಿಸಿದರೆ 52, ಅದು ರೇಸ್ ಸೈಕಲ್ಲಿನ ಫ್ರೇಮ್ ಅಳತೆಯ ಹತ್ತಿರ ಬರುತ್ತದೆ. ಹೈಬ್ರಿಡ್‌ಗಳು ಸಾಮಾನ್ಯವಾಗಿ ಎಸ್, ಎಂ, ಎಲ್ ಅಂತ ಬರುತ್ತವೆ, ಕಂಪನಿಯ ಪಟ್ಟಿ ನೋಡಿ.

ಲೆಕ್ಕ ಬೇಡ ಅನ್ನುವವರು ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು, ಸೊಂಟ ಓಲಾಡಬಾರದು. ನಮ್ಮಲ್ಲಿ ಎರಡೂ ಪಾದ ನೆಲಕ್ಕೆ ಊರುವಷ್ಟು ಸೀಟು ಇಳಿಸುವ ಚಾಳಿ ಇದೆ. ಹಾಗೆ ಮಾಡಿದವರೇ ಆರು ತಿಂಗಳಿಗೆ "ಸೈಕಲ್ ಹೊಡದ್ರ ಮೊಣಕಾಲ ಹೋಗತಾವು" ಅಂತ ಊರಿಗೆಲ್ಲ ಹೇಳುತ್ತಾರೆ.

ಮುಖ್ಯವಾದ ಮಾತು: ನಿಮ್ಮ ಅಳತೆಯ ಸೈಕಲ್ ಸಿಗದಿದ್ದರೆ ವಾಪಸ್ ಬನ್ನಿ. ಸೀಟು ಇಳಿಸಿ ಕೊಡುತ್ತೇನೆ ಅಂದರೂ ಬೇಡ. ಸೀಟು ಇಳಿಸಬಹುದು, ಫ್ರೇಮ್ ಉದ್ದ ಕಡಿಮೆ ಮಾಡಲು ಬರುವುದಿಲ್ಲ. ನನ್ನ ಕುತ್ತಿಗೆ ಇದಕ್ಕೆ ಸಾಕ್ಷಿ.

ಆರನೇ ಹಂತ: ಅಂಗಡಿಯಲ್ಲಿ ಏನು ನೋಡಬೇಕು

ಹೈಬ್ರಿಡ್ ಆದರೆ ಮುಂದೆ ಶಾಕ್ ಇಲ್ಲದ, ಗಟ್ಟಿ ಫೋರ್ಕಿನದು (ಮುಂದಿನ ಗಾಲಿ ಹಿಡಿದಿರುವ ಕವಲು) ಕೇಳಿ. ಅಗ್ಗದ ಶಾಕ್ ಒಂದೆರಡು ಕಿಲೋ ಭಾರ ಕೂಡಿಸುತ್ತದೆ, ಬೇರೇನೂ ಮಾಡುವುದಿಲ್ಲ. ಟ್ರೆಕ್ ಎಫ್‌ಎಕ್ಸ್, ಜೈಂಟ್ ಎಸ್ಕೇಪ್ ಇಂಥ ಸಾಲುಗಳು ಹೈಬ್ರಿಡ್ ಹೇಗಿರಬೇಕು ಅನ್ನುವುದಕ್ಕೆ ಮಾದರಿ. ಅವನ್ನೇ ಕೊಳ್ಳಬೇಕು ಅಂತಿಲ್ಲ, ಕಣ್ಣಿಗೆ ರೂಢಿಯಾಗಲಿ. "21 ಗೇರ್" ಅಂತ ಜಂಬದಿಂದ ಹೇಳಿದರೆ ಮರುಳಾಗಬೇಡಿ. ಮುಂದೆ ಮೂರು, ಹಿಂದೆ ಏಳು ಹಲ್ಲುಚಕ್ರ, ಅಷ್ಟೇ. ನಮ್ಮ ಬಯಲಿಗೆ ಎಂಟು ಒಳ್ಳೆಯ ಗೇರ್ ಸಾಕು.

ರೇಸ್ ಸೈಕಲ್ ಆದರೆ ಗೇರಿನ ಹೆಸರು ನೋಡಿ. ಗೇರ್ ಮಾಡುವ ಶಿಮಾನೋ ಕಂಪನಿಯ ಕ್ಲಾರಿಸ್ ಹಿಂದೆ ಎಂಟು ಗೇರ್, ಸೋರಾ ಒಂಬತ್ತು, ಟಿಯಾಗ್ರಾ ಹತ್ತು. ಹೊಸಬರಿಗೆ ಕ್ಲಾರಿಸ್ ಸಾಕು, ಕೈಯಲ್ಲಿ ದುಡ್ಡಿದ್ದರೆ ಸೋರಾ. ಅದಕ್ಕಿಂತ ಮೇಲೆ ಹೋಗುವ ದುಡ್ಡನ್ನು ಒಳ್ಳೆಯ ಟಾಯರಿಗೆ ಹಾಕಿ. ಫೋರ್ಕಿನಲ್ಲಿ ಕನಿಷ್ಠ 28, ಸಾಧ್ಯವಾದರೆ 32 ಮಿ.ಮೀ. ಟಾಯರ್ ಕೂರುವಷ್ಟು ಜಾಗ ಇದೆಯಾ ಅಂತ ಕೇಳಿ. ನಮ್ಮ ರಸ್ತೆಗೆ 23ರ ಟಾಯರ್ ಬೇಡವೇ ಬೇಡ. ಶರ್ಯತ್ತಿನದಲ್ಲ, ದೂರದ ಸವಾರಿಗೆ ಮಾಡಿದ ಎಂಡ್ಯೂರೆನ್ಸ್ ಮಾದರಿ ಕೊಡಿ ಅನ್ನಿ. ಅದರ ಹ್ಯಾಂಡಲ್ ತುಸು ಎತ್ತರ, ಬೆನ್ನಿಗೆ ಹಿತ.

ಬೆಲೆ? ಒಳ್ಳೆಯ ಹೈಬ್ರಿಡ್‌ಗೆ ಕೊಡುವ ದುಡ್ಡಿನಲ್ಲಿ ಒಳ್ಳೆಯ ರೇಸ್ ಸೈಕಲ್ ಬರುವುದಿಲ್ಲ, ಹೆಚ್ಚು ಕಡಿಮೆ ಇಮ್ಮಡಿ ಬೇಕು. ಕೈಯಲ್ಲಿರುವುದು ಹೈಬ್ರಿಡ್ ದುಡ್ಡು ಮಾತ್ರ ಆದರೆ ಒಳ್ಳೆಯ ಹೈಬ್ರಿಡ್ಡೇ ಕೊಳ್ಳಿ. ಅಗ್ಗದ ರೇಸ್ ಸೈಕಲ್ ಭಾರವೂ ಹೌದು, ಬ್ರೇಕೂ ನೆಟ್ಟಗಿರುವುದಿಲ್ಲ. ಹೆಲ್ಮೆಟ್, ಹಿಂದಿನ ಕೆಂಪು ಲೈಟು, ಪಂಪು ಇವಕ್ಕೆ ಮೊದಲೇ ಒಂದಿಷ್ಟು ಎತ್ತಿಡಿ.

ಏಳನೇ ಹಂತ: ಹವಾ ಮತ್ತು ಮುಳ್ಳು

ಇದು ನಮ್ಮ ಜಿಲ್ಲೆಯ ಸ್ವಂತ ಅಧ್ಯಾಯ. ರಸ್ತೆ ಬದಿಯಲ್ಲಿ ಜಾಲಿ, ನೆಲದಲ್ಲಿ ನೆಗ್ಗಿಲು. ನೆಗ್ಗಿಲ ಮುಳ್ಳು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಟಾರು ಬಿಟ್ಟು ಒಂದು ಗಾಲಿ ಕೆಳಗಿಳಿಸಿದರೆ ಸಾಕು. ರೇಸ್ ಸೈಕಲ್ಲಿನ ತೆಳು ಟಾಯರಿಗೆ ಈ ಕಾಟ ಜಾಸ್ತಿ, ಹೈಬ್ರಿಡ್‌ಗೂ ತಪ್ಪಿದ್ದಲ್ಲ.

ಮೊದಲು ವಾಲ್ವ್ ನೋಡಿ. ಹೈಬ್ರಿಡ್‌ಗೆ ಸಾಮಾನ್ಯವಾಗಿ ಮೋಟಾರ್ ಸೈಕಲ್ಲಿನ ಹಾಗಿನ ದಪ್ಪ ವಾಲ್ವ್, ಎಲ್ಲಿ ಬೇಕಾದರೂ ಹವಾ ಸಿಗುತ್ತದೆ. ರೇಸ್ ಸೈಕಲ್ಲಿಗೆ ತೆಳ್ಳಗಿನ ಪ್ರೆಸ್ಟಾ ವಾಲ್ವ್. ಪಂಕ್ಚರ್ ಅಂಗಡಿಯ ಪೈಪು ಅದಕ್ಕೆ ಕೂರುವುದಿಲ್ಲ. ಒಮ್ಮೆ ಹಳ್ಳಿಯೊಂದರಲ್ಲಿ ಪಂಕ್ಚರ್ ತಿದ್ದುವ ಕಾಕಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ತಮ್ಮಾ, ಇದು ಸೈಕಲ್ಲಿಂದೋ ಇಂಜೆಕ್ಷನ್ನಿಂದೋ?" ಅಂದರು. ಹಿತ್ತಾಳೆಯ ಒಂದು ಸಣ್ಣ ಅಡಾಪ್ಟರ್ ಬರುತ್ತದೆ, ಬೆಲೆ ಬಹಳ ಇಲ್ಲ. ವಾಲ್ವಿಗೇ ಸಿಕ್ಕಿಸಿ ಬಿಡಿ.

70 ಕಿಲೋ ತೂಕದವರಿಗೆ 28 ಮಿ.ಮೀ. ಟಾಯರಿಗೆ 70ರಿಂದ 80 ಪಿಎಸ್‌ಐ ಹವಾ, 38ರ ಹೈಬ್ರಿಡ್ ಟಾಯರಿಗೆ 45ರಿಂದ 55 ಸಾಕು. ಟಾಯರಿನ ಬದಿಯಲ್ಲಿ ಬರೆದ ಮಿತಿ ದಾಟಬೇಡಿ. ಏಪ್ರಿಲ್, ಮೇ ಬಿಸಿಲಿನಲ್ಲಿ 40 ಡಿಗ್ರಿ ದಾಟುತ್ತದೆ, ಹವಾ ತುಂಬಿದ ಸೈಕಲ್ಲನ್ನು ಬಿಸಿಲಿಗೆ ನಿಲ್ಲಿಸಬೇಡಿ. ಸೀಟಿನ ಕೆಳಗೆ ಎರಡು ಟ್ಯೂಬ್, ಟಾಯರ್ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ, ಕೈಪಂಪು ಇರಲಿ. ಹೊಸ ಟ್ಯೂಬ್ ಹಾಕುವ ಮೊದಲು ಟಾಯರಿನ ಒಳಗೆ ಬೆರಳಾಡಿಸಿ ಮುಳ್ಳು ತೆಗೆಯಿರಿ. ನಾನು ಒಮ್ಮೆ ಮರೆತು ಹತ್ತು ನಿಮಿಷದಲ್ಲಿ ಎರಡೂ ಟ್ಯೂಬ್ ಕಳೆದುಕೊಂಡೆ, ಮನೆಗೆ ಬಂದದ್ದು ಟಂಟಂನಲ್ಲಿ.

ಎಂಟನೇ ಹಂತ: ಮೊದಲ ಎಂಟು ವಾರ

ಮೊದಲ ಎರಡು ವಾರ ವಾರಕ್ಕೆ ನಾಲ್ಕು ದಿನ, ದಿನಕ್ಕೆ 30-40 ನಿಮಿಷ. ವೇಗ ನೋಡಬೇಡಿ. ಹಗುರ ಗೇರಿನಲ್ಲಿ ನಿಮಿಷಕ್ಕೆ 80 ಸುತ್ತು ಪೆಡಲ್ ತಿರುಗಲಿ. ಭಾರದ ಗೇರಿನಲ್ಲಿ ಗಾಣದೆತ್ತಿನ ಹಾಗೆ ತುಳಿದರೆ ಮೊಣಕಾಲಿಗೆ ಪೆಟ್ಟು.

ಮೂರರಿಂದ ಐದನೇ ವಾರ ಒಂದು ದಿನ ದೂರ ಹೋಗಿ, ಒಂದೂವರೆ ಗಂಟೆ. ಆರನೇ ವಾರದಿಂದ ವಾರಕ್ಕೊಮ್ಮೆ ಜೋರು: ನಾಲ್ಕು ನಿಮಿಷ ಏದುಸಿರು ಬರುವಷ್ಟು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸಲ. ನಮಗೆ ಘಟ್ಟ ಇಲ್ಲ, ಎದುರು ಗಾಳಿಯೇ ಘಟ್ಟ. ಹೋಗುವಾಗ ಗಾಳಿಗೆ ಎದುರಾಗಿ, ಬರುವಾಗ ಬೆನ್ನಿಗೆ ಗಾಳಿ ಸಿಗುವ ಹಾಗೆ ದಾರಿ ಇಟ್ಟುಕೊಳ್ಳಿ. ಉಲ್ಟಾ ಮಾಡಿದರೆ ಹುಮ್ಮಸ್ಸಿನಲ್ಲಿ ತಿಳಿಯದೆ ದೂರ ಹೋಗಿ, ಬರುವಾಗ ಬಸ್ಸು ಹುಡುಕುತ್ತೀರಿ.

ಒಂದು ಗಂಟೆ ದಾಟಿದರೆ ನೀರಿನ ಜೊತೆ ಉಪ್ಪು, ಸಕ್ಕರೆ, ಲಿಂಬೆ ಇರಲಿ. ಜೇಬಿನಲ್ಲಿ ಶೇಂಗಾ ಚಿಕ್ಕಿ ಅಥವಾ ಬಾಳೆಹಣ್ಣು. ಕೊಲ್ಹಾರದವರೆಗೆ ಹೋದವರು ಮೊಸರು ಕುಡಿಯದೆ ಬರುವುದಿಲ್ಲ ಅನ್ನುವುದು ಗೊತ್ತು. ಕುಡಿದು ಅರ್ಧ ತಾಸು ಕೂತು ಹೊರಡಿ. ಅಲ್ಲಿ ಕೃಷ್ಣೆಯ ಸೇತುವೆ ಮೇಲೆ ಪಕ್ಕದಿಂದ ಗಾಳಿ ನೂಕುತ್ತದೆ, ಎರಡೂ ಕೈ ಹ್ಯಾಂಡಲ್ ಮೇಲಿರಲಿ.

ವೇಗ ಅಳೆಯಲು ಒಂದೇ ದಾರಿ, ಒಂದೇ ಹೊತ್ತು, ಹೋಗಿ ಬಂದ ಒಟ್ಟು ಸಮಯ. ಹೋಗುವಾಗಿನದು ಮಾತ್ರ ಅಳೆದರೆ ಗಾಳಿಯನ್ನು ಅಳೆದ ಹಾಗೆ.

ಅಳಿಯ ಕೊನೆಗೆ ಶಾಕ್ ಇಲ್ಲದ ಹೈಬ್ರಿಡ್ ಕೊಂಡ. ಅವನ ಮನೆಯಿಂದ ಟಾರು ರಸ್ತೆಗೆ ಎರಡು ಕಿ.ಮೀ. ಮಣ್ಣಿನ ದಾರಿ. ಎಂಟು ವಾರ ಕಳೆಯಲಿ, ಆಮೇಲೆ 32ರ ಟಾಯರ್ ಹಾಕೋಣ ಅಂದಿದ್ದೇನೆ. ಈಗ ಅವನು ದಿನಾ ಬೆಳಗ್ಗೆ ನನಗೆ ಸಮಯ ಕಳಿಸುತ್ತಾನೆ, ಅದೂ ಹೋಗುವಾಗಿನದು ಮಾತ್ರ. ಹೊಸ ಸೈಕಲ್ಲಿನ ಕೇಬಲ್ ಮೊದಲ ತಿಂಗಳಲ್ಲಿ ಸಡಿಲ ಬೀಳುತ್ತವೆ, ಕಡ್ಡಿಗಳು ಅಲುಗುತ್ತವೆ. ಕೊಂಡ ತಿಂಗಳೊಳಗೆ ಒಮ್ಮೆ ಅಂಗಡಿಗೆ ಒಯ್ದು ಬಿಗಿ ಮಾಡಿಸು ಅಂತ ಹೇಳಿ ಮೂರು ವಾರ ಆಯಿತು, ಇನ್ನೂ ಹೋಗಿಲ್ಲ. ನೀವು ಹೋಗಿ.